ಉಚಿತ ತಂತ್ರಾಂಶ ನಂಬಬಹುದೇ? ಹಳೆಯ ಕಂಪ್ಯೂಟರ್, ಬರಲಿರುವ ಮಳೆಗಾಲ ಮತ್ತು ಮನೆಯ ಕಡತಗಳು

ಪ್ರಶ್ನೆ: ನಾಪೋಕ್ಲು ಸಮೀಪ ನಮ್ಮದೊಂದು ಸಣ್ಣ ಕಾಫಿ ತೋಟವಿದೆ, ಮನೆಯ ಪಕ್ಕದ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಿದ್ದೇವೆ. ನಿವೃತ್ತನಾದ ಮೇಲೆ ಕಂಪ್ಯೂಟರ್ ನನ್ನ ಹವ್ಯಾಸವಾಗಿದೆ. 2017ರಲ್ಲಿ ಕೊಂಡ ಡೆಸ್ಕ್‌ಟಾಪ್. ಇಂಟೆಲ್‌ನ ಏಳನೆಯ ತಲೆಮಾರಿನ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, ಹಾರ್ಡ್‌ಡಿಸ್ಕ್, ಯಂತ್ರದ ಜೊತೆಗೇ ಬಂದ ವಿಂಡೋಸ್ 10. ಪರಿಚಯದ ಹುಡುಗನೊಬ್ಬ ‘ಆಕ್ಟಿವೇಟರ್’ ಎಂಬುದನ್ನು ಓಡಿಸಿ, ಹಣವಿಲ್ಲದೆ ಆಫೀಸ್ ಹಾಕಿಕೊಟ್ಟಿದ್ದಾನೆ. ನಾನೇ ಎರಡು ಉಚಿತ ಆಂಟಿವೈರಸ್, ಒಂದು ಕ್ಲೀನರ್, ಒಂದು ಡ್ರೈವರ್ ಅಪ್‌ಡೇಟರ್ ಹಾಕಿಕೊಂಡಿದ್ದೇನೆ. ಆದರೂ ಯಂತ್ರ ನಿಧಾನ. ತೆರೆಯ ಬಲ ಮೂಲೆಯಲ್ಲಿ ‘ಐದು ವೈರಸ್ ಪತ್ತೆಯಾಗಿವೆ’ ಎಂಬ ಸೂಚನೆ ದಿನಕ್ಕೆ ಹತ್ತು ಸಲ ಬರುತ್ತದೆ. ತೋಟದ ಲೆಕ್ಕ, ಅತಿಥಿಗಳ ಗುರುತಿನ ಚೀಟಿಗಳ ಪ್ರತಿ, ಇಪ್ಪತ್ತು ವರ್ಷದ ಫೋಟೋಗಳು, ನುಡಿ ತಂತ್ರಾಂಶದಲ್ಲಿ ಬರೆದ ನೂರಾರು ಪುಟಗಳು ಎಲ್ಲವೂ ಇದೇ ಡಿಸ್ಕಿನಲ್ಲಿವೆ. ಉಚಿತ ತಂತ್ರಾಂಶವನ್ನು ನಂಬಬೇಡಿ, ಹಣ ಕೊಟ್ಟು ಆಂಟಿವೈರಸ್ ಕೊಳ್ಳಿ ಎನ್ನುತ್ತಾರೆ ಒಬ್ಬರು. ವಿಂಡೋಸ್ ಬದಲು ಲಿನಕ್ಸ್ ಹಾಕಿದರೆ ವೈರಸ್ಸೇ ಬಾರದು ಎನ್ನುತ್ತಾರೆ ಇನ್ನೊಬ್ಬರು. ಮಳೆಗಾಲ ಹಿಡಿಯುವ ಮೊದಲು ಏನು ಮಾಡಲಿ?

ಉತ್ತರ: ಮಡಿಕೇರಿಯಲ್ಲಿ ಮನೆಬಳಕೆಯ ಕಂಪ್ಯೂಟರ್‌ಗಳನ್ನು ರಿಪೇರಿ ಮಾಡುತ್ತ, ಕಲಿಯಬಯಸಿ ಬಂದವರಿಗೆ ಕಲಿಸುತ್ತ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದಿರುವ ನನಗೆ, ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಆತಂಕಗಳು ಒಂದರೊಳಗೊಂದು ಹೆಣೆದುಕೊಂಡಿರುವಂತೆ ಕಾಣುತ್ತದೆ. ನಿಮ್ಮ ಯಂತ್ರಕ್ಕೆ ನಿಜವಾಗಿಯೂ ಸೋಂಕು ತಗಲಿದೆಯೇ ಎಂಬುದು ಒಂದು. ಹಣ ಕೊಡದೆ ಸಿಗುವ ತಂತ್ರಾಂಶವನ್ನು ನಂಬಬಹುದೇ ಎಂಬುದು ಇನ್ನೊಂದು. ನಾಳೆ ಆ ಡಿಸ್ಕು ಕೈಕೊಟ್ಟರೆ ನಿಮ್ಮ ಫೋಟೋ, ಬರಹ, ಲೆಕ್ಕಗಳು ಉಳಿಯುತ್ತವೆಯೇ ಎಂಬುದು ಮೂರನೆಯದು. ಮೊದಲ ಎರಡರ ಬಗ್ಗೆ ನೀವು ವಿವರವಾಗಿ ಬರೆದಿದ್ದೀರಿ. ಮೂರನೆಯದನ್ನು ಒಂದು ವಾಕ್ಯದಲ್ಲಿ ಮುಗಿಸಿದ್ದೀರಿ, ಆದರೆ ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯವಾದದ್ದು.

ಮೂಲೆಯಲ್ಲಿ ಬರುವ ‘ಐದು ವೈರಸ್’ ಸೂಚನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ಇಂಥ ಸೂಚನೆಗಳಲ್ಲಿ ಬಹುಪಾಲು ಯಾವ ಆಂಟಿವೈರಸ್ಸಿನಿಂದಲೂ ಬಂದಿರುವುದಿಲ್ಲ. ಎಂದೋ ಒಂದು ದಿನ ಯಾವುದೋ ತಾಣ ‘ಸೂಚನೆ ಕಳಿಸಲು ಅನುಮತಿಸುವಿರಾ’ ಎಂದು ಕೇಳಿದಾಗ ನಾವು ಗಮನಿಸದೆ ಒಪ್ಪಿಗೆ ಕೊಟ್ಟಿರುತ್ತೇವೆ. ಆ ತಾಣ ಬ್ರೌಸರಿನ ಮೂಲಕ ನಮ್ಮ ತೆರೆಯ ಮೂಲೆಗೆ ಜಾಹೀರಾತು ತೂರುತ್ತಿರುತ್ತದೆ, ಅದಕ್ಕೆ ಎಚ್ಚರಿಕೆಯ ವೇಷ ತೊಡಿಸಿರುತ್ತದೆ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಗೋಪ್ಯತೆ ಮತ್ತು ಸುರಕ್ಷತೆಯ ವಿಭಾಗಕ್ಕೆ ಹೋಗಿ, ನೋಟಿಫಿಕೇಶನ್ ಅನುಮತಿ ಪಡೆದ ತಾಣಗಳ ಪಟ್ಟಿಯನ್ನು ತೆರೆದು, ಗುರುತಿಲ್ಲದ ಹೆಸರುಗಳನ್ನೆಲ್ಲ ಅಳಿಸಿಹಾಕಿ. ಎಚ್ಚರಿಕೆ ಅಲ್ಲಿಗೇ ನಿಂತರೆ ಅದು ಜಾಹೀರಾತಾಗಿತ್ತು ಎಂದೇ ತಿಳಿಯಿರಿ. ಅದರ ಮೇಲೆ ಕ್ಲಿಕ್ ಮಾಡುವುದಾಗಲಿ, ಅದರಲ್ಲಿ ಕೊಟ್ಟ ದೂರವಾಣಿ ಸಂಖ್ಯೆಗೆ ಕರೆ ಮಾಡುವುದಾಗಲಿ ಬೇಡ. ಆ ಕಡೆ ಕುಳಿತವರು ಎನಿಡೆಸ್ಕ್‌ನಂಥ ದೂರನಿಯಂತ್ರಣದ ತಂತ್ರಾಂಶ ಹಾಕಿಸಿಕೊಂಡು, ನಿಮ್ಮ ಕಣ್ಣೆದುರೇ ಬ್ಯಾಂಕಿನ ಖಾತೆಗೆ ಕೈಹಾಕುತ್ತಾರೆ. ಹಾಗೆ ಹಣ ಹೋದವರು ಗಂಟೆಗಳನ್ನು ಕಳೆಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಹಣ ಬೇರೆ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆಹಿಡಿಯುವ ಅವಕಾಶ ಇರುವುದು ಆರಂಭದ ಹೊತ್ತಿನಲ್ಲಿ ಮಾತ್ರ.

ಸೂಚನೆ ಸುಳ್ಳಿರಬಹುದು ಎಂದ ಮಾತ್ರಕ್ಕೆ ನಿಮ್ಮ ಯಂತ್ರ ಶುದ್ಧವಾಗಿದೆ ಎಂದು ನಾನು ಹೇಳಲಾರೆ. ನನಗೆ ನಿಜವಾದ ಭಯವಿರುವುದು ಆ ಆಕ್ಟಿವೇಟರಿನ ಬಗ್ಗೆ. ಪರವಾನಗಿಯ ಬೀಗ ಮುರಿಯುವ ಇಂಥ ಕ್ರ್ಯಾಕ್‌ಗಳು ಕೆಲಸ ಮಾಡಬೇಕಾದರೆ ಅವುಗಳಿಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಬೇಕು, ಮತ್ತು ‘ಮೊದಲು ಆಂಟಿವೈರಸ್ ಆರಿಸಿ’ ಎಂಬ ಸೂಚನೆ ಅವುಗಳ ಜೊತೆಗೇ ಬರುತ್ತದೆ. ಕಾವಲುಗಾರನನ್ನು ಮನೆಗೆ ಕಳಿಸಿ, ಕಣದಲ್ಲಿ ಒಣಗಿದ ಕಾಫಿಯ ಲೆಕ್ಕವನ್ನು ಅಪರಿಚಿತನ ಕೈಗೆ ಕೊಟ್ಟಂತೆ ಇದು. ಒಳಗೆ ಬಂದದ್ದು ಆಫೀಸಿನ ಬೀಗವನ್ನಷ್ಟೇ ತೆಗೆದು ಹೋಯಿತೋ, ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಹೊತ್ತೊಯ್ಯುವ ಇನ್ನೊಂದನ್ನು ಬಿಟ್ಟುಹೋಯಿತೋ ಎಂಬುದನ್ನು ಹೊರಗಿನಿಂದ ನೋಡಿ ಹೇಳಲು ಸಾಧ್ಯವಿಲ್ಲ. ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು. ವಿಂಡೋಸ್ ಸೆಕ್ಯುರಿಟಿಯನ್ನು ತೆರೆದು, ವೈರಸ್ ರಕ್ಷಣೆಯ ಸೆಟ್ಟಿಂಗ್ಸ್‌ನ ಕೊನೆಯಲ್ಲಿರುವ ‘ಎಕ್ಸ್‌ಕ್ಲೂಶನ್ಸ್’ ಪಟ್ಟಿಯನ್ನು ನೋಡಿ. ಇದು ‘ಇಲ್ಲಿ ತಪಾಸಣೆ ಬೇಡ’ ಎಂದು ಗುರುತು ಹಾಕಿದ ಜಾಗಗಳ ಪಟ್ಟಿ. ನೀವು ಸೇರಿಸದ ಫೋಲ್ಡರ್, ಅದಕ್ಕಿಂತ ಕೆಟ್ಟದಾಗಿ ಇಡೀ ಸಿ ಡ್ರೈವ್ ಅಲ್ಲಿದ್ದರೆ, ಯಾರೋ ಬೇಕೆಂದೇ ಕಾವಲಿನ ಕಣ್ಣು ಕಟ್ಟಿದ್ದಾರೆ ಎಂದು ಅರ್ಥ. ನನ್ನ ಬಳಿಗೆ ಬಂದ ಕ್ರ್ಯಾಕ್ ಹಾಕಿದ ಯಂತ್ರಗಳಲ್ಲಿ ಇದನ್ನು ನಾನು ಹಲವು ಸಲ ಕಂಡಿದ್ದೇನೆ. ಆ ಹುಡುಗನನ್ನು ದೂರುವ ಉದ್ದೇಶ ನನಗಿಲ್ಲ. ಅವನು ಉಪಕಾರವೆಂದೇ ಮಾಡಿರುತ್ತಾನೆ.

ಈಗ ‘ಉಚಿತ’ ಎಂಬ ಮಾತಿಗೆ ಬರೋಣ. ಕನ್ನಡದಲ್ಲಿ ಉಚಿತ ಮತ್ತು ಮುಕ್ತ ಎಂಬ ಎರಡು ಬೇರೆ ಪದಗಳಿರುವುದು ನಮ್ಮ ಭಾಗ್ಯ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದವಿರುವುದರಿಂದ ಅಲ್ಲಿ ಹುಟ್ಟಿದ ಗೊಂದಲವನ್ನು ನಾವು ಸುಮ್ಮನೆ ಹೊತ್ತು ತಂದಿದ್ದೇವೆ. ಮುಕ್ತ ತಂತ್ರಾಂಶವೆಂದರೆ ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಘೋಷಿಸಿದ್ದು ಈ ಸ್ವಾತಂತ್ರ್ಯಕ್ಕಾಗಿ, ಬೆಲೆಯ ವಿಷಯ ಅದರಲ್ಲಿ ಗೌಣ. 1996ರಲ್ಲಿ ಪ್ಯಾರಿಸ್ಸಿನ ಎಂಜಿನಿಯರಿಂಗ್ ಕಾಲೇಜೊಂದರ ವಿದ್ಯಾರ್ಥಿಗಳ ಯೋಜನೆಯಾಗಿ ಆರಂಭವಾದ ವಿಡಿಯೊ ಪ್ಲೇಯರ್ ವಿಎಲ್‌ಸಿ, 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್, ಫೈರ್‌ಫಾಕ್ಸ್ ಬ್ರೌಸರ್, ಕಡತಗಳನ್ನು ಕುಗ್ಗಿಸುವ 7-ಜಿಪ್ ಇವೆಲ್ಲ ಈ ಸಾಲಿಗೆ ಸೇರಿದವು. ಇನ್ನೊಂದು ಬಗೆಯವು ಬೆಲೆಯಿಲ್ಲದೆ ಸಿಗುತ್ತವೆ, ಆದರೆ ಒಳಗೇನಿದೆ ಎಂಬುದು ಕಂಪನಿಗೆ ಮಾತ್ರ ಗೊತ್ತು, ಮತ್ತು ಆ ಕಂಪನಿ ಬೇರೆ ಯಾವುದೋ ದಾರಿಯಿಂದ ಖರ್ಚನ್ನು ಹುಟ್ಟಿಸಿಕೊಳ್ಳಬೇಕು. ಉಚಿತ ಆಂಟಿವೈರಸ್‌ಗಳಲ್ಲಿ ಹೆಸರುವಾಸಿಯಾದ ಅವಾಸ್ಟ್, ಬಳಕೆದಾರರು ಯಾವ ತಾಣಗಳಿಗೆ ಹೋಗುತ್ತಾರೆ ಎಂಬ ವಿವರವನ್ನು ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು ಎಂಬುದು ಬಯಲಾಗಿ, 2020ರಲ್ಲಿ ಆ ಅಂಗಸಂಸ್ಥೆಯನ್ನು ಮುಚ್ಚಬೇಕಾಯಿತು; 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ದಂಡ ವಿಧಿಸಿತು. ಮೂರನೆಯ ಬಗೆ ನಿಮ್ಮ ಆಕ್ಟಿವೇಟರಿನದು. ಅದು ಉಚಿತವೂ ಅಲ್ಲ, ಮುಕ್ತವೂ ಅಲ್ಲ, ಕದ್ದ ಮಾಲು. ‘ಉಚಿತ ತಂತ್ರಾಂಶ ನಂಬಬೇಡಿ’ ಎಂದವರು ಈ ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಮಾತಾಡಿದ್ದಾರೆ.

ಮುಕ್ತ ತಂತ್ರಾಂಶದ ಅಭಿಮಾನಿಯಾಗಿಯೂ ಒಂದು ಮಾತನ್ನು ನಾನು ಮುಚ್ಚಿಡಲಾರೆ: ಎಲ್ಲರೂ ಓದಬಹುದು ಎಂದರೆ ಯಾರಾದರೂ ಓದಿದ್ದಾರೆ ಎಂದು ಅರ್ಥವಲ್ಲ. 2024ರ ಮಾರ್ಚ್‌ನಲ್ಲಿ, ಲಿನಕ್ಸ್ ಜಗತ್ತಿನಲ್ಲಿ ಎಲ್ಲೆಡೆ ಬಳಕೆಯಲ್ಲಿರುವ ಎಕ್ಸ್‌ಜೆಡ್ ಎಂಬ ಪುಟ್ಟ ಉಪಕರಣದೊಳಗೆ, ಹೊರಗಿನವರು ಗುಟ್ಟಾಗಿ ಒಳನುಗ್ಗುವ ಹಿಂಬಾಗಿಲೊಂದನ್ನು ಇಟ್ಟಿರುವುದು ಪತ್ತೆಯಾಯಿತು. ವರ್ಷಗಟ್ಟಲೆ ನೆರವಾಗುವವನಂತೆ ನಟಿಸಿ ವಿಶ್ವಾಸ ಗಳಿಸಿದವನೊಬ್ಬನ ಕೆಲಸ ಅದು. ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನುಹತ್ತಿದ್ದರಿಂದ ಅದು ಹೊರಬಿತ್ತು. ಮೂಲ ಸಂಕೇತ ತೆರೆದಿದ್ದರಿಂದಲೇ ಅವರು ಬೇರಿನವರೆಗೆ ಅಗೆದು ನೋಡಲು ಸಾಧ್ಯವಾಯಿತು ಎಂಬುದೂ ಅಷ್ಟೇ ಸತ್ಯ.

ಹಾಗಾದರೆ ಮನೆಯ ಬಳಕೆದಾರ ಯಾವುದನ್ನು ನೋಡಿ ನಂಬಬೇಕು? ತಂತ್ರಾಂಶದ ಹೆಸರಿಗಿಂತ ಅದು ನಿಮ್ಮ ಯಂತ್ರಕ್ಕೆ ಬಂದ ದಾರಿಯನ್ನು ನೋಡಿ ಎನ್ನುತ್ತೇನೆ ನಾನು. ಗೂಗಲ್‌ನಲ್ಲಿ ವಿಎಲ್‌ಸಿ ಎಂದು ಹುಡುಕಿದಾಗ ಮೇಲುಗಡೆ ಬರುವ ಒಂದೆರಡು ಫಲಿತಾಂಶಗಳು ಹಣ ಕೊಟ್ಟು ಹಾಕಿಸಿದ ಜಾಹೀರಾತುಗಳಾಗಿರಬಹುದು. ಅದೇ ಚಿಹ್ನೆ, ಅದೇ ಬಣ್ಣದ ನಕಲಿ ತಾಣಗಳು ಅಲ್ಲಿಯೇ ಕಾದು ಕುಳಿತಿರುತ್ತವೆ. ಆದ್ದರಿಂದ ತಯಾರಕರ ಸ್ವಂತ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗುವುದನ್ನು ರೂಢಿ ಮಾಡಿಕೊಳ್ಳಿ. ಇಳಿಸಿಕೊಂಡ ಇನ್‌ಸ್ಟಾಲರ್ ಬಗ್ಗೆ ಅನುಮಾನವಿದ್ದರೆ ವೈರಸ್‌ಟೋಟಲ್ ತಾಣಕ್ಕೆ ಏರಿಸಿ. ಹತ್ತಾರು ಆಂಟಿವೈರಸ್‌ಗಳು ಅದನ್ನು ಒಟ್ಟಿಗೆ ಪರೀಕ್ಷಿಸುತ್ತವೆ. ಆದರೆ ಅಲ್ಲಿಗೆ ಏರಿಸಿದ್ದನ್ನು ಭದ್ರತಾ ಸಂಶೋಧಕರು ಇಳಿಸಿಕೊಂಡು ನೋಡಬಹುದಾದ್ದರಿಂದ ಪಹಣಿ, ಬ್ಯಾಂಕಿನ ಪತ್ರ, ಅತಿಥಿಗಳ ಆಧಾರ್ ಪ್ರತಿ ಇಂಥವನ್ನು ಎಂದಿಗೂ ಏರಿಸಬಾರದು. ಇಷ್ಟು ಮಾಡಿದರೂ ಪೂರ್ಣ ಭರವಸೆ ಇಲ್ಲ. 2017ರಲ್ಲಿ ಸಿಕ್ಲೀನರ್ ಎಂಬ ಜನಪ್ರಿಯ ಶುಚಿಗಾರ ತಂತ್ರಾಂಶದ ಅಧಿಕೃತ ಆವೃತ್ತಿಯೊಳಗೇ, ಕಂಪನಿಯ ಸ್ವಂತ ಡಿಜಿಟಲ್ ಸಹಿಯ ಸಮೇತ, ದುಷ್ಟ ಸಂಕೇತ ಸೇರಿಕೊಂಡು ಸುಮಾರು 22.7 ಲಕ್ಷ ಯಂತ್ರಗಳನ್ನು ತಲುಪಿತ್ತು. ಅಂದರೆ ಅಧಿಕೃತ ತಾಣದಿಂದ ತಂದರೂ ಪ್ರತಿಯೊಂದು ಹೆಚ್ಚುವರಿ ತಂತ್ರಾಂಶ ಒಂದೊಂದು ಬಾಗಿಲೇ. ಅಗತ್ಯವಿಲ್ಲದ ಬಾಗಿಲು ಮನೆಗೆ ಬೇಡ.

ಈ ಕಾರಣಕ್ಕೇ ನಿಮ್ಮ ಕ್ಲೀನರ್ ಮತ್ತು ಡ್ರೈವರ್ ಅಪ್‌ಡೇಟರ್ ಎರಡನ್ನೂ ತೆಗೆದುಹಾಕಿ ಎನ್ನುತ್ತೇನೆ. ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡುವ ರಿಜಿಸ್ಟ್ರಿಯನ್ನು ಶುಚಿಗೊಳಿಸಿದರೆ ವೇಗ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲ. ಮೈಕ್ರೋಸಾಫ್ಟ್ ಅಂಥ ಉಪಕರಣಗಳ ಬಳಕೆಯನ್ನು ಬೆಂಬಲಿಸುವುದಿಲ್ಲ. ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ತಾನೇ ತರುತ್ತದೆ. ಎರಡು ಆಂಟಿವೈರಸ್ ಇದ್ದರೆ ರಕ್ಷಣೆ ಎರಡರಷ್ಟು ಎಂಬುದೂ ತಪ್ಪು ತಿಳಿವಳಿಕೆ. ತೆರೆಯುವ ಪ್ರತಿ ಕಡತವನ್ನೂ ಇಬ್ಬರು ಕಾವಲುಗಾರರು ಒಂದೇ ಸಲಕ್ಕೆ ಹಿಡಿದೆಳೆಯುತ್ತಾರೆ, ಯಂತ್ರ ಏದುಸಿರು ಬಿಡುತ್ತದೆ. ಬೇರೆ ಆಂಟಿವೈರಸ್ ಬಂದೊಡನೆ ವಿಂಡೋಸ್‌ನ ಸ್ವಂತ ಡಿಫೆಂಡರ್ ಹಿಂದೆ ಸರಿಯುತ್ತದೆ. ಅವೆರಡನ್ನೂ ತೆಗೆದರೆ ಅದು ಮತ್ತೆ ಎದ್ದು ನಿಲ್ಲುತ್ತದೆ. ಮನೆಬಳಕೆಗೆ ಡಿಫೆಂಡರ್ ಸಾಕು. ಹಣ ಕೊಟ್ಟು ಇನ್ನೊಂದನ್ನು ಕೊಂಡರೆ ನಷ್ಟವೇನೂ ಇಲ್ಲ, ಆದರೆ ಕ್ರ್ಯಾಕ್ ಓಡಿಸುವಾಗ ಅದನ್ನೂ ಆರಿಸುವ ಮನೆಯಲ್ಲಿ ಆ ಹಣ ವ್ಯರ್ಥ. ಅದೇ ಹಣಕ್ಕೆ ಒಂದಿಷ್ಟು ಸೇರಿಸಿ, ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕಾದ ಎಸ್‌ಎಸ್‌ಡಿ ಕೊಂಡರೆ, ನಿಮ್ಮ ಯಂತ್ರದ ನಿಧಾನಕ್ಕೆ ನಿಜವಾದ ಮದ್ದು ಸಿಕ್ಕಂತೆ. 2017ರ ಐ5 ಇಂದಿಗೂ ದುರ್ಬಲವಲ್ಲ. ತಿರುಗುವ ಹಾರ್ಡ್‌ಡಿಸ್ಕೇ ಅದರ ಕಾಲು ಹಿಡಿದು ಎಳೆಯುತ್ತಿರುವುದು.

ಇದಕ್ಕಿಂತ ತೂಕದ ಪ್ರಶ್ನೆಯೊಂದು ನಿಮ್ಮ ಪತ್ರದಲ್ಲಿ ಅಡಗಿದೆ, ನೀವು ಕೇಳದಿದ್ದರೂ ಹೇಳಲೇಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಂದರೆ ಆಮೇಲೆ ಪತ್ತೆಯಾಗುವ ಬಿರುಕುಗಳಿಗೆ ತೇಪೆ ತಾನಾಗಿ ಬರುವುದಿಲ್ಲ. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತುಗಳನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿರುವುದರಿಂದ ಹಲವರು ‘ಆಂಟಿವೈರಸ್ ಅಪ್‌ಡೇಟ್ ಆಗುತ್ತಿದೆಯಲ್ಲ’ ಎಂದು ನಿಶ್ಚಿಂತರಾಗಿದ್ದಾರೆ. ಇವೆರಡು ಬೇರೆ ಬೇರೆ. ಕಳ್ಳರ ಭಾವಚಿತ್ರಗಳು ಕಾವಲುಗಾರನಿಗೆ ಸಿಗುತ್ತಿರುತ್ತವೆ, ಆದರೆ ಒಡೆದ ಗೋಡೆಯನ್ನು ಯಾರೂ ಕಟ್ಟುವುದಿಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ ವನ್ನಾಕ್ರೈ ನುಗ್ಗಿದ ಬಿರುಕಿಗೆ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಅದನ್ನು ಹಾಕಿಕೊಳ್ಳದವರು ಮತ್ತು ತೇಪೆಯೇ ಸಿಗದ ಹಳೆಯ ವಿಂಡೋಸ್‌ನಲ್ಲಿ ಉಳಿದವರು ಸಿಕ್ಕಿಬಿದ್ದರು.

ನಿಮ್ಮ ಮುಂದೆ ಮೂರು ದಾರಿಗಳಿವೆ. ವಿಂಡೋಸ್ 10ರಲ್ಲೇ ಉಳಿದು, ಮೈಕ್ರೋಸಾಫ್ಟ್ ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಎಂದು ಘೋಷಿಸಿದ ವಿಸ್ತರಿತ ಭದ್ರತಾ ಅಪ್‌ಡೇಟ್‌ಗಳಿಗೆ ನೋಂದಾಯಿಸಿಕೊಳ್ಳುವುದು ಒಂದು. ಯಂತ್ರದ ಸೆಟ್ಟಿಂಗ್ಸ್‌ ಅನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಇದಕ್ಕೆ ಹಣ ಕೊಡಬೇಕಾಗಿಲ್ಲ. ಇದು ಸಮಯ ಕೊಳ್ಳುವ ದಾರಿ, ಅಷ್ಟೇ. ವಿಂಡೋಸ್ 11ಕ್ಕೆ ಏರುವುದು ಎರಡನೆಯದು. ಆದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಸಾಮಾನ್ಯವಾಗಿ ಇಂಟೆಲ್‌ನ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು, ನಿಮ್ಮದು ಒಂದು ಹೆಜ್ಜೆ ಹಿಂದೆ ನಿಂತಿದೆ. ರೂಫಸ್ ಎಂಬ ಮುಕ್ತ ಉಪಕರಣದಿಂದ ಈ ತಡೆಯನ್ನು ದಾಟಿ 11 ಹಾಕುವವರಿದ್ದಾರೆ, ಅದು ಓಡುತ್ತದೆ ಕೂಡ. ಆದರೆ ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿದೆ. ಹವ್ಯಾಸಕ್ಕೆ ಇನ್ನೊಂದು ಯಂತ್ರವಿದ್ದರೆ ಮಾಡಿ ನೋಡಿ. ತೋಟದ ಲೆಕ್ಕವಿರುವ ಯಂತ್ರದಲ್ಲಿ ಬೇಡ.

ಮೂರನೆಯದು ಲಿನಕ್ಸ್. ನಿಮ್ಮಂಥವರಿಗೆ ನಾನು ಹೇಳುವುದು ಲಿನಕ್ಸ್ ಮಿಂಟ್. 8 ಜಿಬಿ ರ್‍ಯಾಮ್ ಅದಕ್ಕೆ ಧಾರಾಳವಾಯಿತು, 22ನೆಯ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ, ನೋಡಲು ವಿಂಡೋಸ್ ಬಳಸಿದವರಿಗೆ ಅಪರಿಚಿತವೆನಿಸುವುದಿಲ್ಲ. ಅದರಲ್ಲಿ ವೈರಸ್ಸೇ ಬಾರದು ಎಂಬುದು ಮಾತ್ರ ಉತ್ಪ್ರೇಕ್ಷೆ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ತಾಣಕ್ಕೇ ನುಗ್ಗಿದ ದಾಳಿಕೋರರು, ಅಲ್ಲಿಂದ ಇಳಿಸಿಕೊಳ್ಳುವವರಿಗೆ ಹಿಂಬಾಗಿಲಿದ್ದ ಪ್ರತಿ ಸಿಗುವಂತೆ ಮಾಡಿದ್ದರು. ಇಳಿಸಿಕೊಂಡ ಕಡತದ ಬೆರಳಚ್ಚಿನಂಥ ಶಾ-256 ಮೊತ್ತವನ್ನು ಪ್ರಕಟಿತ ಮೊತ್ತದೊಡನೆ ಹೋಲಿಸಿ, ಆ ಪಟ್ಟಿಯ ಮೇಲಿನ ಡಿಜಿಟಲ್ ಸಹಿಯನ್ನೂ ಪರಿಶೀಲಿಸುವ ಪದ್ಧತಿ ಇರುವುದು ಇಂಥದ್ದಕ್ಕಾಗಿ. ಮಿಂಟ್ ತಾಣದಲ್ಲೇ ಅದರ ಕ್ರಮವನ್ನು ಹಂತಹಂತವಾಗಿ ವಿವರಿಸಿದ್ದಾರೆ, ಹವ್ಯಾಸಿಗೆ ಅರ್ಧ ಗಂಟೆಯ ಕಲಿಕೆ ಅದು. ಲಿನಕ್ಸಿನ ನಿಜವಾದ ಲಾಭವೆಂದರೆ ತಂತ್ರಾಂಶವೆಲ್ಲ ಒಂದೇ ಭಂಡಾರದಿಂದ ಬರುತ್ತದೆ, ಒಂದೇ ಗುಂಡಿಯಿಂದ ಎಲ್ಲವೂ ಅಪ್‌ಡೇಟ್ ಆಗುತ್ತದೆ. ವಿಂಡೋಸ್‌ನಲ್ಲಿ ಹಾಗಿಲ್ಲ, ಉದಾಹರಣೆಗೆ 7-ಜಿಪ್ ಅಲ್ಲಿ ತಾನಾಗಿ ಅಪ್‌ಡೇಟ್ ಆಗದ ಕಾರಣ, ಐದು ವರ್ಷದ ಹಿಂದಿನ ಪ್ರತಿ ಅದರ ಬಿರುಕುಗಳ ಸಮೇತ ಹಾಗೇ ಕುಳಿತಿರುತ್ತದೆ.

ಅಡಚಣೆಗಳನ್ನೂ ಮೊದಲೇ ತಿಳಿದಿರಿ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಲಿನಕ್ಸಿನಲ್ಲಿ ನೇರವಾಗಿ ಓಡುವುದಿಲ್ಲ. ಜಿಎಸ್‌ಟಿಗೆ ಬಳಸುವ ಡಿಜಿಟಲ್ ಸಹಿಯ ಟೋಕನ್‌ಗಳು, ಕೆಲವು ಪ್ರಿಂಟರ್‌ಗಳು ಕಾಡುತ್ತವೆ. ಪೆನ್‌ಡ್ರೈವಿನಿಂದಲೇ ಮಿಂಟ್ ಓಡಿಸಿ ನೋಡುವ ಸೌಲಭ್ಯವಿದೆ, ಡಿಸ್ಕಿನ ಒಂದಕ್ಷರವನ್ನೂ ಅದು ಮುಟ್ಟುವುದಿಲ್ಲ. ಒಂದು ವಾರ ಹಾಗೆ ನಡೆಸಿ, ನಿಮ್ಮ ಪ್ರಿಂಟರ್ ಮತ್ತು ಸ್ಕ್ಯಾನರ್ ಅದಕ್ಕೆ ಮಣಿಯುತ್ತವೆಯೇ ಎಂದು ನೋಡಿ ನಿರ್ಧರಿಸಿ. ಕದ್ದ ಆಫೀಸಿನ ಜಾಗದಲ್ಲಿ ಎರಡು ಕಡೆಯಲ್ಲೂ ಲಿಬ್ರೆಆಫೀಸ್ ಇರಲಿ. ಅದರ ಮೆನುಗಳು ಕನ್ನಡದಲ್ಲೇ ಸಿಗುತ್ತವೆ. ವರ್ಡ್ ಕಡತಗಳನ್ನು ತೆರೆಯುತ್ತದೆ, ಅಲ್ಲಲ್ಲಿ ಪುಟವಿನ್ಯಾಸ ಸರಿದಾಡಬಹುದು.

ನುಡಿಯಲ್ಲಿ ಬರೆದ ಪುಟಗಳ ಬಗ್ಗೆ ನನಗೆ ವಿಶೇಷ ಕಳಕಳಿಯಿದೆ. ಹಳೆಯ ‘ನುಡಿ’ ಮತ್ತು ‘ಬರಹ’ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದು ಬಹುತೇಕ, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರಸಂಕೇತವಾದ ಯುನಿಕೋಡ್ ಅಲ್ಲ. ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ; ನುಡಿ ಫಾಂಟ್ ಅವುಗಳಿಗೆ ಕನ್ನಡದ ರೂಪ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ, ಎಷ್ಟೋ ಜನ ಕಡತ ಹಾಳಾಗಿದೆಯೆಂದು ಅಳಿಸಿಬಿಟ್ಟಿದ್ದಾರೆ. ಆದ್ದರಿಂದ ಬರಹಗಳ ಜೊತೆಗೆ ಫಾಂಟ್ ಕಡತಗಳನ್ನೂ ತಪ್ಪದೆ ಪ್ರತಿ ತೆಗೆದಿಡಿ. ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಅರ್ಕಾವತ್ತು, ಒತ್ತಕ್ಷರಗಳಲ್ಲಿ ಅವು ಎಡವುವುದುಂಟಾದ್ದರಿಂದ ಮೂಲ ಕಡತವನ್ನು ಹಾಗೇ ಉಳಿಸಿಕೊಂಡು, ಪರಿವರ್ತಿತ ಪ್ರತಿಯನ್ನು ಕಣ್ಣಿಟ್ಟು ಓದಿ ತಿದ್ದಬೇಕು. ಹೊಸದಾಗಿ ಬರೆಯಲು ನೀವು ರೂಢಿಸಿಕೊಂಡ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿ ಮೊದಲೇ ಇದೆ, ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಿಲ್ಲ.

ಪಾಸ್‌ವರ್ಡ್‌ಗಳ ವಿಷಯವನ್ನು ಮುಂದೂಡಬೇಡಿ. ಆಕ್ಟಿವೇಟರ್ ಓಡಿದ ಯಂತ್ರದಲ್ಲಿ ಟೈಪ್ ಮಾಡಿದ ಪಾಸ್‌ವರ್ಡ್‌ಗಳೆಲ್ಲ ಬೇರೆಯವರ ಕೈಸೇರಿವೆ ಎಂದೇ ಭಾವಿಸಿ, ಆ ಯಂತ್ರದಿಂದಲ್ಲ, ನಿಮ್ಮ ಫೋನಿನಿಂದ ಇಂದೇ ಬದಲಿಸಿ. ಮೊದಲು ಇಮೇಲ್, ಅನಂತರ ಬ್ಯಾಂಕ್. ‘ಎಲ್ಲ ಸಾಧನಗಳಿಂದ ಲಾಗೌಟ್’ ಎಂಬುದನ್ನೂ ಒತ್ತಿ, ಏಕೆಂದರೆ ಲಾಗಿನ್ ಆದ ಗುರುತನ್ನು ಬ್ರೌಸರ್ ಉಳಿಸಿಟ್ಟ ಕುಕಿಗಳನ್ನು ಕದ್ದಿದ್ದರೆ ಪಾಸ್‌ವರ್ಡ್ ಕೇಳದೆಯೇ ಒಳನುಗ್ಗಬಹುದು. ಹೊಸ ಪಾಸ್‌ವರ್ಡ್‌ಗಳನ್ನು ಇಡಲು ಕೀಪಾಸ್‌ಎಕ್ಸ್‌ಸಿ ಎಂಬ ಮುಕ್ತ ತಂತ್ರಾಂಶ ಸೂಕ್ತ. ಅದು ಎಲ್ಲವನ್ನೂ ನಿಮ್ಮದೇ ಡಿಸ್ಕಿನ ಒಂದು ಗೂಢಲಿಪಿಯ ಕಡತದಲ್ಲಿ ಇಡುತ್ತದೆ, ಇಂಟರ್‌ನೆಟ್ ಇಲ್ಲದ ದಿನವೂ ತೆರೆಯುತ್ತದೆ. ಫೋನ್, ಕಂಪ್ಯೂಟರ್ ಎರಡರಲ್ಲೂ ತಾನಾಗಿ ಹೊಂದಿಕೊಳ್ಳಬೇಕೆಂದರೆ ಬಿಟ್‌ವಾರ್ಡನ್ ಇದೆ. ಯಾವುದನ್ನು ಆರಿಸಿದರೂ ಮುಖ್ಯ ಪಾಸ್‌ವರ್ಡ್ ಮರೆತರೆ ತೆರೆದುಕೊಡುವವರು ಯಾರೂ ಇಲ್ಲ. ಅದನ್ನು ಕಾಗದದಲ್ಲಿ ಬರೆದು ತೋಟದ ದಾಖಲೆಪತ್ರಗಳಿರುವ ಕಪಾಟಿನಲ್ಲೇ ಇಡಿ. ಎರಡನೆಯ ಹಂತದ ದೃಢೀಕರಣಕ್ಕೆ ಎಸ್‌ಎಂಎಸ್ ನೆಚ್ಚಿಕೊಳ್ಳುವುದು ನಮ್ಮ ಕಡೆ ಕಷ್ಟ. ಸಿಗ್ನಲ್‌ಗಾಗಿ ಅಂಗಳದ ಮೂಲೆಗೆ ಓಡುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ಏಜಿಸ್‌ನಂಥ ದೃಢೀಕರಣ ಆ್ಯಪ್ ಸಮಯದ ಲೆಕ್ಕದಿಂದ ಸಂಖ್ಯೆ ಹುಟ್ಟಿಸುವುದರಿಂದ ಅದಕ್ಕೆ ಸಿಗ್ನಲ್ಲೇ ಬೇಡ. ಫೋನಿನ ಗಡಿಯಾರ ಸರಿಯಾಗಿದ್ದರೆ ಸಾಕು. ಹಲವು ಬ್ಯಾಂಕುಗಳು ಎಸ್‌ಎಂಎಸ್ಸನ್ನೇ ಕೇಳುತ್ತವೆ, ಇಮೇಲ್‌ಗಾದರೂ ಇದನ್ನು ಬಳಸಿ.

ಅತಿಥಿಗಳ ಗುರುತಿನ ಚೀಟಿಗಳು ನಿಮ್ಮ ಸ್ವತ್ತಲ್ಲ, ನಿಮ್ಮನ್ನು ನಂಬಿ ಕೊಟ್ಟವು. ಆಧಾರ್ ಕೊಡುವವರಿಂದ ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನೇ ಕೇಳಿ ಪಡೆಯಿರಿ, ಇಡಲೇಬೇಕಾದವನ್ನು ವೆರಾಕ್ರಿಪ್ಟ್‌ನಿಂದ ಮಾಡಿದ ಬೀಗದ ಪೆಟ್ಟಿಗೆಯಂಥ ಕಡತದೊಳಗಿಡಿ, ಅವಧಿ ಮುಗಿದವನ್ನು ಅಳಿಸಿ. ರೂಟರಿನಲ್ಲಿ ಅತಿಥಿಗಳಿಗೆಂದೇ ಪ್ರತ್ಯೇಕ ವೈಫೈ ತೆರೆಯುವ ಸೌಲಭ್ಯವಿರುತ್ತದೆ, ಅದನ್ನು ಬಳಸಿದರೆ ಅವರ ಫೋನ್‌ಗಳು ನಿಮ್ಮ ಕಂಪ್ಯೂಟರ್ ಇರುವ ಜಾಲಕ್ಕೆ ಸೇರುವುದಿಲ್ಲ.

ಇನ್ನು ಮಳೆಗಾಲ. ನನ್ನ ಅನುಭವದಲ್ಲಿ ಕೊಡಗಿನ ಮನೆಗಳಲ್ಲಿ ಕಡತಗಳನ್ನು ಕಳೆದುಕೊಂಡವರಲ್ಲಿ ವೈರಸ್ಸಿನಿಂದ ಕಳೆದುಕೊಂಡವರಿಗಿಂತ ಸಿಡಿಲು, ವಿದ್ಯುತ್ ಮತ್ತು ತೇವದಿಂದ ಕಳೆದುಕೊಂಡವರೇ ಹೆಚ್ಚು. ಸಿಡಿಲಿನ ಕಾಲ ಜೂನ್‌ಗೆ ಕಾಯುವುದಿಲ್ಲ. ಕಾಫಿ ಹೂಮಳೆಯ ಹೊತ್ತಿಗೇ, ಮಾರ್ಚ್–ಏಪ್ರಿಲ್‌ನ ಸಂಜೆಗಳಲ್ಲೇ ಆರಂಭವಾಗುತ್ತದೆ. ಸರ್ಜ್ ಪ್ರೊಟೆಕ್ಟರ್ ಸಣ್ಣಪುಟ್ಟ ಏರಿಳಿತಕ್ಕೆ ಆದೀತು, ಅದೂ ಅರ್ಥಿಂಗ್ ಸರಿಯಿದ್ದರೆ ಮಾತ್ರ. ಹತ್ತಿರದಲ್ಲಿ ಬಡಿದ ಸಿಡಿಲನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಮೋಡ ಗುಡುಗಿದೊಡನೆ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡುವುದೊಂದೇ ಉಪಾಯ. ಜೊತೆಗೆ ನೆಟ್‌ವರ್ಕ್ ಕೇಬಲ್ಲನ್ನೂ ಕೀಳಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಫೈಬರ್ ಬಂದ ಮೇಲೆ ಈ ಭಯವಿಲ್ಲ ಎಂಬ ಮಾತು ಅರ್ಧ ಸತ್ಯ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ ನಿಜ, ಆದರೆ ಮನೆಯೊಳಗಿನ ಪೆಟ್ಟಿಗೆಗೆ ಕರೆಂಟಿನ ಅಡಾಪ್ಟರ್ ಇದೆ, ಅಲ್ಲಿಂದ ಕಂಪ್ಯೂಟರಿಗೆ ತಾಮ್ರದ ತಂತಿಯಿದೆ. ಆ ದಾರಿಯಲ್ಲಿ ಬಂದ ಹೊಡೆತಕ್ಕೆ ಮದರ್‌ಬೋರ್ಡ್ ಸುಟ್ಟಿದ್ದನ್ನು ನೋಡಿದ್ದೇನೆ.

ಮರ ಬಿದ್ದು ಕರೆಂಟು ದಿನಗಟ್ಟಲೆ ಹೋಗುವುದಕ್ಕಿಂತ, ಬಂದು ಹೋಗಿ ಬಂದು ಹೋಗಿ ಮಾಡುವ ದಿನಗಳು ಡಿಸ್ಕಿಗೆ ಅಪಾಯಕರ. ಬರೆಯುತ್ತಿರುವಾಗಲೇ ವಿದ್ಯುತ್ ನಿಂತರೆ ಕಡತಗಳ ವಿನ್ಯಾಸವೇ ಕೆಡಬಹುದು. ಸಣ್ಣದೊಂದು ಯುಪಿಎಸ್ ಇರಲಿ, ಕೆಲಸ ಉಳಿಸಿ ಕ್ರಮವಾಗಿ ಆರಿಸಲು ಐದು ನಿಮಿಷ ಸಿಕ್ಕರೆ ಸಾಕು. ಅದರ ಬ್ಯಾಟರಿ ನಾಲ್ಕನೆಯ ಮಳೆಗಾಲ ಕಾಣುವುದು ಅಪರೂಪ, ಮೇ ತಿಂಗಳಲ್ಲೇ ಪರೀಕ್ಷಿಸಿ. ಜುಲೈ, ಆಗಸ್ಟ್‌ನಲ್ಲಿ ಬಟ್ಟೆಗೂ ಪುಸ್ತಕಕ್ಕೂ ಬೂಸ್ಟು ಹಿಡಿಯುವ ಮನೆಯಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡದೆ ದಿನಕ್ಕೊಂದಿಷ್ಟು ಹೊತ್ತು ಓಡಿಸಿದರೆ ಅದರ ಬಿಸಿಯೇ ತೇವವನ್ನು ಹೊರಹಾಕುತ್ತದೆ.

ಇವೆಲ್ಲದರ ಮೇಲೆ ಪ್ರತಿ ತೆಗೆದಿಡುವ ಕೆಲಸ. ಒಂದು ಟಿಬಿಯ ಎರಡು ಹೊರಗಿನ ಡಿಸ್ಕ್ ಕೊಳ್ಳಿ. ಒಂದಕ್ಕೆ ವಾರಕ್ಕೊಮ್ಮೆ ಪ್ರತಿ ಮಾಡಿ, ಕೆಲಸ ಮುಗಿದೊಡನೆ ಕಿತ್ತು, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಸಿಕ್ಕಿಸಿಯೇ ಇಟ್ಟ ಡಿಸ್ಕನ್ನು ಸಿಡಿಲೂ ಬಿಡುವುದಿಲ್ಲ, ಕಡತಕ್ಕೆ ಬೀಗ ಹಾಕುವ ವೈರಸ್ಸೂ ಬಿಡುವುದಿಲ್ಲ. ಇನ್ನೊಂದು ಡಿಸ್ಕ್ ನಿಮ್ಮ ಮನೆಯಲ್ಲಿ ಇರಬಾರದು. ಮೈಸೂರಿನಲ್ಲೋ ಕುಶಾಲನಗರದಲ್ಲೋ ಇರುವ ನೆಂಟರ ಮನೆಯಲ್ಲಿರಲಿ, ಹೋಗಿಬರುವಾಗ ಅದಲುಬದಲು ಮಾಡಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮನೆಗಳೇ ಹೋದವು. ಆ ವರ್ಷದ ನಂತರ ಈ ಮಾತನ್ನು ಯಾರಿಗೆ ಹೇಳುವಾಗಲೂ ನನ್ನ ದನಿ ತಗ್ಗುತ್ತದೆ. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಎಂಬ ಸೌಲಭ್ಯ ಮೊದಲೇ ಇದೆ. ಮಿಂಟ್‌ಗೆ ಹೋದರೆ ಟೈಮ್‌ಶಿಫ್ಟ್ ಕಾಣುತ್ತದೆ. ಅದು ಮೂಲತಃ ವ್ಯವಸ್ಥೆಯ ಕಡತಗಳನ್ನು ಮಾತ್ರ ಉಳಿಸುತ್ತದೆ, ನಿಮ್ಮ ಫೋಟೋಗಳನ್ನಲ್ಲ. ಫೋಟೋಗಳಿಗೆ ಡೇಜಾ ಡುಪ್‌ನಂಥ ಬೇರೆ ಉಪಕರಣ ಬೇಕು. ಪ್ರತಿ ಆಯಿತೆಂದು ಪರದೆ ಹೇಳಿದರೆ ನಂಬದೆ, ತಿಂಗಳಿಗೊಮ್ಮೆ ಹತ್ತು ಕಡತಗಳನ್ನು ತೆರೆದು ನೋಡಿ.

ಕೆಲಸದ ಕ್ರಮವನ್ನು ಹೀಗೆ ಇಟ್ಟುಕೊಳ್ಳಿ. ಮೊದಲು ಫೋನಿನಿಂದ ಪಾಸ್‌ವರ್ಡ್‌ಗಳು. ಆಮೇಲೆ ಇಂಟರ್‌ನೆಟ್ ತೆಗೆದು, ನಿಮ್ಮ ಬರಹ, ಫೋಟೋ, ಲೆಕ್ಕ, ಫಾಂಟ್‌ಗಳ ಪ್ರತಿ ಒಂದು ಹೊರಡಿಸ್ಕಿಗೆ. ಇನ್‌ಸ್ಟಾಲರ್‌ಗಳನ್ನೂ, ಡಾಟ್ ಇಎಕ್ಸ್‌ಇ ಎಂದು ಕೊನೆಯಾಗುವ ಯಾವುದನ್ನೂ ತೆಗೆದುಕೊಳ್ಳಬೇಡಿ. ಹೊಸ ವ್ಯವಸ್ಥೆಯ ಪೆನ್‌ಡ್ರೈವನ್ನು ಇನ್ನೊಬ್ಬರ ಶುದ್ಧ ಯಂತ್ರದಲ್ಲಿ ಸಿದ್ಧಪಡಿಸಿ. ಹಳೆಯ ಹಾರ್ಡ್‌ಡಿಸ್ಕನ್ನು ಬಿಚ್ಚಿ ತೆಗೆದ ಮೇಲೆಯೇ ಎಸ್‌ಎಸ್‌ಡಿಗೆ ವಿಂಡೋಸ್ ಅಥವಾ ಮಿಂಟ್ ಹಾಕಿ. ವಿಂಡೋಸ್ ನಿಮ್ಮ ಯಂತ್ರದ ಜೊತೆಗೇ ಬಂದದ್ದಾದ್ದರಿಂದ ಅದೇ ಆವೃತ್ತಿಯನ್ನು ಹಾಕಿದರೆ ಕೀಲಿಸಂಖ್ಯೆ ಕೇಳದೆ ತಾನೇ ಸಕ್ರಿಯವಾಗುತ್ತದೆ. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಸಾಮಾನ್ಯ ಖಾತೆಯೊಂದನ್ನು ತೆರೆಯಿರಿ, ಕಡತಗಳ ಎಕ್ಸ್‌ಟೆನ್ಶನ್ ಕಾಣುವಂತೆ ಮಾಡಿಕೊಳ್ಳಿ. ಬಿಲ್ಲಿನ ಪಿಡಿಎಫ್ ಎಂದು ಬಂದದ್ದರ ಕೊನೆಯಲ್ಲಿ ಇಎಕ್ಸ್‌ಇ ಇದ್ದರೆ ಆಗ ಕಣ್ಣಿಗೆ ಬೀಳುತ್ತದೆ. ಫೈರ್‌ಫಾಕ್ಸ್‌ಗೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸಿದರೆ ನಕಲಿ ಡೌನ್‌ಲೋಡ್ ಗುಂಡಿಗಳಲ್ಲಿ ಹೆಚ್ಚಿನವು ಕಾಣಿಸಿಕೊಳ್ಳುವುದೇ ಇಲ್ಲ. ನಿಮ್ಮ ಪಟ್ಟಿ ಇಷ್ಟಕ್ಕೇ ಮುಗಿಯಲಿ.

ಬಿಚ್ಚಿ ತೆಗೆದ ಹಳೆಯ ಡಿಸ್ಕನ್ನು ಮಾತ್ರ ಅಳಿಸಬೇಡಿ, ಮಾರಬೇಡಿ. ‘ಸೋಂಕಿರಬಹುದು’ ಎಂದು ಚೀಟಿ ಅಂಟಿಸಿ, ಒಣಜಾಗದಲ್ಲಿ ಒಂದು ವರ್ಷ ಇಡಿ. ಎಷ್ಟು ಜಾಗ್ರತೆಯಿಂದ ಪ್ರತಿ ತೆಗೆದರೂ ಯಾವುದೋ ಮೂಲೆಯ ಫೋಲ್ಡರಿನಲ್ಲಿ ಒಂದು ಮದುವೆಯ ಆಲ್ಬಂ ಉಳಿದುಹೋಗಿರುತ್ತದೆ, ಅದು ನೆನಪಾಗುವುದು ಏಳೆಂಟು ತಿಂಗಳ ನಂತರ.